ಹಾಡಿಗೆ ಬಾರದ ಬಸಿರು

ಹಾಸನದ ಕಾಲೇಜೊಂದರಲ್ಲಿ ನಡೆದ ಸಮೂಹಗಾನ ಸ್ಪರ್ಧೆಗೆ ಹೋದ ವರುಷ ನನ್ನನ್ನು ತೀರ್ಪುಗಾರನಾಗಿ ಕರೆದಿದ್ದರು. ಹತ್ತು ಹನ್ನೆರಡು ತಂಡಗಳು ಹಾಡಿದವು. ನಾಡಿನ ಹಾಡುಗಳು ಕೆಲವು, ಭಾವಗೀತಗಳು ಕೆಲವು, ಸಿನಿಮಾ ಮಟ್ಟಿಗೆ ಹೊಸ ಮಾತು ಕೂಡಿಸಿದವು ಕೆಲವು. ಕೊನೆಗೆ ಬಂದ ಹುಡುಗಿಯರ ತಂಡ ಹಾಡಿದ್ದು ಹೆಣ್ಣು ಭ್ರೂಣದ ಹಾಡು. ಈ ಬಗೆಯ ಹಾಡನ್ನು ವಾಚಕರು ಕೇಳಿಯೇ ಇರುತ್ತಾರೆ. ಇನ್ನೂ ಹುಟ್ಟದ ಹೆಣ್ಣುಮಗು ಹೊಟ್ಟೆಯೊಳಗಿನಿಂದ ತಾಯಿಯನ್ನು ಕುರಿತು ತನ್ನನ್ನು ಉಳಿಸಿಕೊಳ್ಳೆಂದು ಬೇಡುತ್ತದೆ. ಹುಟ್ಟಿದರೆ ತಾನು ಏನೇನಾಗುವೆನೆಂದು ಆಸೆ ತೋರಿಸುತ್ತದೆ. ಕಡೆಗೆ, ಹೆತ್ತವಳಾಗಬೇಕಾದವಳೇ ಹೀಗೆ ಮಾಡಬಹುದೆ ಎಂದು ಮೊರೆಯಿಡುತ್ತದೆ. ಬೀದಿನಾಟಕಗಳಲ್ಲಿ, ಜಾಥಾಗಳಲ್ಲಿ, ಶಾಲೆಯ ವಾರ್ಷಿಕೋತ್ಸವಗಳಲ್ಲಿ ಇದರ ಹತ್ತಾರು ರೂಪಗಳು ಓಡಾಡುತ್ತಿವೆ. ಸಭೆ ಕಣ್ಣೊರೆಸಿಕೊಂಡಿತು. ನಾನೂ ಒರೆಸಿಕೊಂಡೆ, ಮೊದಲ ಬಹುಮಾನವನ್ನು ಆ ತಂಡಕ್ಕೇ ಕೊಟ್ಟೆ.

ಆಮೇಲೆ ಕಾಫಿ ಕುಡಿಯುತ್ತಿದ್ದಾಗ ಆ ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸಮಾಡುವ, ವಯಸ್ಸಿನಲ್ಲಿ ನನಗಿಂತ ಹಿರಿಯರಾದ ಒಬ್ಬ ಹೆಂಗಸರು ಹತ್ತಿರ ಬಂದು, “ಮಕ್ಕಳು ಚೆನ್ನಾಗಿ ಹಾಡಿದರು ಸಾರ್. ಆದರೆ ಆ ಕೂಸು ಎಲ್ಲವನ್ನೂ ಅಮ್ಮನನ್ನೇ ಕೇಳಿತು. ಅಪ್ಪನನ್ನು ಒಂದು ಮಾತೂ ಕೇಳಲಿಲ್ಲವಲ್ಲ?” ಎಂದರು. ಉತ್ತರಕ್ಕೆ ಕಾಯದೆ ಲೋಟ ಇಟ್ಟು ಹೊರಟುಹೋದರು. ಅವರ ಮಾತಿನ ಹಿಂದೆ ಏನಿತ್ತೆಂದು ನಾನು ವಿಚಾರಿಸಲಿಲ್ಲ. ವಿಚಾರಿಸುವ ಅಧಿಕಾರವೂ ನನಗಿರಲಿಲ್ಲ. ಆದರೆ ಕನ್ನಡ ಪಾಠ ಹೇಳಿ ಅನ್ನ ತಿನ್ನುವವನು ತಾನೇ ಕೇಳಿಕೊಳ್ಳಬೇಕಾಗಿದ್ದ ಪ್ರಶ್ನೆಯನ್ನು ಅವರು ಕೇಳಿದ್ದರು. ಒಂದು ಹಾಡು ಯಾರನ್ನು ಕುರಿತು ಹಾಡುತ್ತದೆ ಎಂಬುದನ್ನು ನೋಡದೆ ಅದು ಎಷ್ಟು ಅಳಿಸಿತು ಎಂಬುದನ್ನು ಮಾತ್ರ ನೋಡಿ ನಾನು ಅಂಕ ಹಾಕಿದ್ದೆ. ಈ ಲೇಖನ ಆ ತಪ್ಪಿಗೆ ತಡವಾಗಿ ಬರೆದುಕೊಂಡ ತಿದ್ದುಪಡಿ ಎಂದು ವಾಚಕರು ತಿಳಿಯಬೇಕು.

ಮೊದಲು ಮಾತನ್ನು ನೋಡೋಣ, ಆಮೇಲೆ ಹಾಡನ್ನು. ಗರ್ಭಪಾತವೆಂಬುದು ಪುಸ್ತಕದ ಪದ. ನಾಲ್ಕನೆಯ ತಿಂಗಳವರೆಗೆ ಜಾರಿದರೆ ಗರ್ಭಸ್ರಾವವೆಂದೂ ಐದು ಆರನೆಯ ತಿಂಗಳಲ್ಲಾದರೆ ಗರ್ಭಪಾತವೆಂದೂ ಆಯುರ್ವೇದ ಬೇರ್ಪಡಿಸುತ್ತದೆ. ತಾನಾಗಿ ಆದದ್ದೋ ಮಾಡಿಸಿದ್ದೋ ಎಂಬುದನ್ನು ಆ ಪದ ಹೇಳುವುದಿಲ್ಲ. ನಾನು ಹುಟ್ಟಿ ಬೆಳೆದ ಹೊಳೆನರಸೀಪುರದಲ್ಲಿ ಈ ಪದವನ್ನು ಯಾರೂ ಆಡುತ್ತಿರಲಿಲ್ಲ. ಸಂಜೆ ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತ ಕೂತ ಹೆಂಗಸರು ದನಿ ತಗ್ಗಿಸಿ, “ಅವಳಿಗೆ ತೆಗೆಸಿದರಂತೆ” ಎನ್ನುತ್ತಿದ್ದರು. ಈ ವಾಕ್ಯವನ್ನು ವ್ಯಾಕರಣದ ಕಣ್ಣಿನಿಂದ ನೋಡಿ. ಕರ್ಮಪದವಿಲ್ಲ: ಏನನ್ನು ತೆಗೆಸಿದರೆಂದು ಹೇಳಿಲ್ಲ. ಕ್ರಿಯಾಪದ ಪ್ರೇರಣಾರ್ಥಕ, ಬಹುವಚನ: ಯಾರೋ ಸೇರಿ ಮಾಡಿಸಿದರು. ಹೆಂಗಸು ಚತುರ್ಥಿಯಲ್ಲಿ ನಿಂತಿದ್ದಾಳೆ. ಕರ್ತೃವಿನ ಸ್ಥಾನದಲ್ಲಿ ಅವಳಿಲ್ಲ. ಇನ್ನೊಂದು ರೂಪವೂ ಬಳಕೆಯಲ್ಲಿತ್ತು: “ತೆಗೆಸಿಕೊಂಡಳಂತೆ.” ಇದರಲ್ಲಿ ಅವಳೇ ಕರ್ತೃ. ಆದರೆ ಇದನ್ನು ಬೈಯುವಾಗ ಮಾತ್ರ ಆಡುತ್ತಿದ್ದರು. ಮರುಕಕ್ಕೆ ಒಂದು ಕ್ರಿಯಾಪದ, ನಿಂದೆಗೆ ಒಂದು ಕ್ರಿಯಾಪದ. ಓದುಬರಹವಿಲ್ಲದ ಆ ಹೆಂಗಸರಿಗೆ ಎರಡರ ನಡುವಿನ ಅಂತರ ಚೆನ್ನಾಗಿ ಗೊತ್ತಿತ್ತು.

ಹಾಗಿದ್ದರೆ ಆ ಹೆಂಗಸರ ಹಾಡುಗಳಲ್ಲಿ ಈ ಸಂಗತಿ ಎಲ್ಲಿದೆ? ಹೆಣ್ಣಿನ ಬದುಕಿನ ಯಾವ ಘಟ್ಟವನ್ನೂ ನಮ್ಮ ಜನಪದ ಹಾಡದೆ ಬಿಟ್ಟಿಲ್ಲವೆಂದು ನಾವು ತರಗತಿಯಲ್ಲಿ ಹೇಳುತ್ತ ಬಂದಿದ್ದೇವೆ. ಮೈನೆರೆದರೆ ಒಸಗೆಯ ಹಾಡು, ಮದುವೆಗೆ ಸೋಬಾನೆ, ಬಸಿರಿಗೆ ಬಯಕೆಯ ಹಾಡು, ಹೆತ್ತರೆ ತೊಟ್ಟಿಲ ಹಾಡು, ಸತ್ತರೆ ಅಳುವ ಹಾಡು. ಬಂಜೆಯ ಸಂಕಟಕ್ಕೂ ಹಾಡಿದೆ. ತೊಟ್ಟಿಲ ಕೂಸು ತೀರಿಕೊಂಡರೆ ಅದಕ್ಕೂ ಇದೆ. ಹಲಸಂಗಿಯ ಗೆಳೆಯರು ೧೯೩೧ರಲ್ಲಿ ಹೊರತಂದ ‘ಗರತಿಯ ಹಾಡು’ ತೆರೆದು ನೋಡಿ. ನಮ್ಮ ಜಿಲ್ಲೆಯವರೇ ಆದ ಗೊರೂರು ರಾಮಸ್ವಾಮಿ ಅಯ್ಯಂಗಾರರು ಕೂಡಿಸಿದ ಹಳ್ಳಿಯ ಹಾಡುಗಳನ್ನು ನೋಡಿ. ತುಂಬಿದ ಬಸಿರಿದೆ, ತುಂಬದ ಬಸಿರಿದೆ. ತುಂಬಿ ನಡುವೆಯೇ ಬರಿದಾದ ಬಸಿರು ನನ್ನ ಕಣ್ಣಿಗೆ ಬಿದ್ದಿಲ್ಲ.

ಈ ಪ್ರಶ್ನೆಯನ್ನು ಹೊತ್ತು ನಾನು ಅರಕಲಗೂಡಿಗೆ ಹೋದೆ. ಅಲ್ಲಿ ನನ್ನ ಸೋದರತ್ತೆ ಇದ್ದಾರೆ. ಎಂಬತ್ತು ದಾಟಿದವರು. ಸುತ್ತಿನ ಹಳ್ಳಿಗಳಲ್ಲಿ ಯಾರ ಮನೆಯ ಹಸೆಗಾದರೂ ಅವರ ಹಾಡೇ ಮುಂದು ಎಂಬ ಕಾಲವೊಂದಿತ್ತು. ಬಯಕೆಯ ಹಾಡು ಹೇಳಿಸಿಕೊಂಡೆ. ಒಂದನೆಯ ತಿಂಗಳಿಗೆ ಏನು ಬಯಸಿದಳು, ಎರಡನೆಯದಕ್ಕೆ ಏನು, ಮೂರನೆಯದಕ್ಕೆ ಏನು ಎಂದು ಆ ಹಾಡು ಹುಳಿ ಹಣ್ಣುಗಳ ಮೇಲೆ ಹೆಜ್ಜೆಯಿಡುತ್ತ ಒಂಬತ್ತನ್ನು ಮುಟ್ಟುತ್ತದೆ. ಕೇಳುತ್ತ ಕೇಳುತ್ತ ನನಗೆ ಹೊಳೆದ ಸಂಗತಿಯೆಂದರೆ, ಈ ಹಾಡಿನ ಕಟ್ಟಡದಲ್ಲಿಯೇ ನಡುವೆ ನಿಲ್ಲಲು ಎಡೆಯಿಲ್ಲ. ಒಂದು ಎಂದ ಮೇಲೆ ಒಂಬತ್ತಾಗಲೇಬೇಕು. ಎಣಿಕೆಯೇ ಅದರ ಛಂದಸ್ಸು, ಎಣಿಕೆಯೇ ಅದರ ಹರಕೆ. ಮೂರಕ್ಕೆ ನಿಂತರೆ ಹಾಡು ಮುರಿದಂತೆ. ಹಸೆಯ ಮೇಲೆ ಕೂತವಳಿಗೆ ಅಪಶಕುನ.

“ಅತ್ತೆ, ಮೂರಕ್ಕೋ ನಾಲ್ಕಕ್ಕೋ ಹೋಗಿಬಿಟ್ಟರೆ, ಇಲ್ಲ ತೆಗೆಸಿಬಿಟ್ಟರೆ, ಅದಕ್ಕೊಂದು ಹಾಡು ಇರಲಿಲ್ಲವೆ?” ಎಂದು ಕೇಳಿದೆ. ಅತ್ತೆ ನನ್ನ ಮುಖವನ್ನೇ ನೋಡಿದರು. “ಹಾಡು ಅಂದ್ರೆ ‘ಸೋ’ ಅನ್ನೋಕೆ ನಾಕು ಜನ ಬೇಕು ಕಣಪ್ಪ. ಅದ್ಕೆ ಯಾರು ಬತ್ತಾರೆ?” ಎಂದರು. ಸ್ವಲ್ಪ ಹೊತ್ತು ಬಿಟ್ಟು, “ರಾಗಿ ಬೀಸೋವಾಗ ಒಬ್ಬೊಬ್ರೇ ಏನಾರ ಹೇಳ್ಕೊಂಡಿದ್ರೆ, ಅದು ಆ ಕಲ್ಲಿಗೇ ಗೊತ್ತು” ಎಂದೂ ಸೇರಿಸಿದರು.

ಜಾನಪದದ ಮೇಲೆ ನಾನು ಓದಿದ ಪುಸ್ತಕಗಳಲ್ಲಿ ಇಷ್ಟು ಸ್ಪಷ್ಟವಾದ ಉತ್ತರ ನನಗೆ ದೊರಕಿರಲಿಲ್ಲ. ನಮ್ಮ ಹೆಂಗಸರ ಹಾಡು ಶಾಸ್ತ್ರದ ಹಾಡು. ಶಾಸ್ತ್ರವಿದ್ದಲ್ಲಿ ಜನ ಸೇರುತ್ತಾರೆ. ಜನ ಸೇರಿದಲ್ಲಿ ಒಬ್ಬಳು ಹಾಡಿದರೆ ನಾಲ್ವರು ಸೊಲ್ಲೆತ್ತುತ್ತಾರೆ. ಇಳಿದ ಬಸಿರಿಗೆ ಶಾಸ್ತ್ರವಿಲ್ಲ, ಸೂತಕದ ಊಟವಿಲ್ಲ, ಬಂದು ಹೋಗುವ ನಂಟರಿಲ್ಲ. ಆದ್ದರಿಂದ ಹಾಡಿಲ್ಲ. ಬೀಸುವ ಕಲ್ಲಿನ ಮುಂದೆ ಒಂಟಿಯಾಗಿ ಹುಟ್ಟಿದ ತ್ರಿಪದಿಗಳಲ್ಲಿ ಅದು ಇದ್ದಿರಬಹುದು. ಆದರೆ ಹಿಟ್ಟಿನ ಗಿರಣಿ ಬಂದು ಕಲ್ಲು ಮೂಲೆಗೆ ಸೇರಿತು. ಅದಕ್ಕೆ ಮುಂಚೆ ಹಾಡು ಬರೆದುಕೊಳ್ಳಲು ಹೋದವರಲ್ಲಿ ಹೆಚ್ಚಿನವರು ಗಂಡಸರು. ಅವರೆದುರು ಹಾಡಲಿಲ್ಲವೆಂದ ಮಾತ್ರಕ್ಕೆ ಹಾಡೇ ಇರಲಿಲ್ಲವೆಂದು ನಾನು ಸಾಧಿಸಲಾರೆ. ನನ್ನೆದುರೂ ಯಾರೂ ಹಾಡಿಲ್ಲ, ನಾನೂ ಗಂಡಸು.

ಶಾಸ್ತ್ರದ ಹಾಡಿಗೆ ಆಗದ್ದು ಕತೆಯ ಹಾಡಿಗಾದರೂ ಆಗಬಹುದಲ್ಲ ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಇಂಗ್ಲಿಷಿನ ಹಳೆಯ ಲಾವಣಿಗಳಲ್ಲಿ ಹಾಗೆ ಆಗಿದೆ. ಕಳೆದ ಶತಮಾನಕ್ಕೂ ಹಿಂದೆ ಫ್ರಾನ್ಸಿಸ್ ಜೇಮ್ಸ್ ಚೈಲ್ಡ್ ಸಂಗ್ರಹಿಸಿದ ಲಾವಣಿಗಳಲ್ಲಿ ‘ಟ್ಯಾಮ್ ಲಿನ್’ ಎಂಬುದೊಂದಿದೆ. ಅದರ ಹಲವು ಪಾಠಗಳಲ್ಲಿ ಬಸುರಾದ ಹುಡುಗಿ ಬಸಿರಿಳಿಸುವ ಗಿಡವನ್ನು ಹುಡುಕಿ ಕಾಡಿಗೆ ಬರುತ್ತಾಳೆ. ಬಸಿರಿಗೆ ಕಾರಣನಾದವನು ಎದುರು ನಿಂತು ಏಕೆಂದು ಕೇಳುತ್ತಾನೆ. ಅವಳು ಅವನನ್ನು ನೀನು ಯಾರು, ಎಂಥವನು ಎಂದು ಎದುರು ಪ್ರಶ್ನೆ ಹಾಕುತ್ತಾಳೆ. ‘ಮೇರಿ ಹ್ಯಾಮಿಲ್ಟನ್’ ಎಂಬ ಇನ್ನೊಂದರ ಕೆಲವು ಪಾಠಗಳಲ್ಲಿ ರಾಣಿಯ ಊಳಿಗದ ಹೆಣ್ಣು ಅಂಥ ಸೊಪ್ಪನ್ನು ತಿಂದೂ ಫಲ ಕಾಣದೆ, ಹುಟ್ಟಿದ ಕೂಸನ್ನು ನೀರಿಗೆ ಬಿಟ್ಟು, ಕಡೆಗೆ ನೇಣುಗಂಬದ ಕೆಳಗೆ ತನ್ನ ಕತೆಯನ್ನು ತಾನೇ ಹೇಳಿಕೊಳ್ಳುತ್ತಾಳೆ. ೧೯೬೦ರಲ್ಲಿ ಜೋನ್ ಬಯೆಜ್ ಅದನ್ನು ಮತ್ತೆ ಹಾಡಿ ಹೊಸ ಕಿವಿಗಳಿಗೆ ಮುಟ್ಟಿಸಿದಳು. ಇತ್ತೀಚಿನವನ್ನು ನೋಡಿದರೆ, ೧೯೮೬ರಲ್ಲಿ ಮಡೋನಾ ಹಾಡಿದ ‘ಪಾಪಾ ಡೋಂಟ್ ಪ್ರೀಚ್’ನಲ್ಲಿ ಹುಡುಗಿ ಮಗುವನ್ನು ಉಳಿಸಿಕೊಳ್ಳುವೆನೆಂದು ತಂದೆಗೆ ಹೇಳುತ್ತಾಳೆ, ೧೯೯೭ರ ‘ಬ್ರಿಕ್’ ಎಂಬ ಹಾಡಿನಲ್ಲಿ ಗೆಳತಿಯನ್ನು ಆಸ್ಪತ್ರೆಗೆ ಕರೆದೊಯ್ದ ಹುಡುಗ ತನ್ನ ದಿಗಿಲನ್ನು ಹೇಳಿಕೊಳ್ಳುತ್ತಾನೆ, ಗರ್ಭಪಾತವೆಂಬ ಪದವನ್ನೆತ್ತದೆ. ಇವೆಲ್ಲ ಶ್ರೇಷ್ಠ ಕಾವ್ಯವೆಂದು ನನ್ನ ವಾದವಲ್ಲ. ಇವುಗಳಲ್ಲಿ ಹೆಣ್ಣಿನ ಸುತ್ತ ಇತರರೂ ಇದ್ದಾರೆ: ಗಂಡಿದ್ದಾನೆ, ತಂದೆಯಿದ್ದಾನೆ, ಅರಮನೆಯಿದೆ.

ನಮ್ಮಲ್ಲಿಯೂ ಕತೆಯ ಹಾಡಿಗೆ ಎದೆಗಾರಿಕೆ ಕಡಮೆಯಿಲ್ಲ. ‘ಕೆರೆಗೆ ಹಾರ’ದಲ್ಲಿ ನೀರು ಬಾರದ ಕೆರೆಗೆ ಕಿರಿಯ ಸೊಸೆಯನ್ನು ಬಲಿಗೊಡುವ ಮಾವನ ಮನೆಯನ್ನು ಹಾಡು ನೇರವಾಗಿ ತೋರಿಸುತ್ತದೆ. ಆದರೆ ಅಲ್ಲಿ ಭಾಗೀರಥಿ ಸತ್ತರೆ ಕೆರೆ ತುಂಬುತ್ತದೆ. ಊರಿಗೆ ಲಾಭವಾದ ಸಾವನ್ನು ಊರು ಹಾಡಿಕೊಂಡಿತು. ಯಾರಿಗೂ ಏನೂ ದಕ್ಕದ ನೋವನ್ನು ಊರು ನೆನಪಿಟ್ಟುಕೊಳ್ಳಲಿಲ್ಲ.

ಹಾಡು ಬಿಟ್ಟ ಈ ಜಾಗಕ್ಕೆ ಕನ್ನಡದಲ್ಲಿ ಗದ್ಯ ಬಂದಿತು. ಅರಕಲಗೂಡನ್ನು ತಮ್ಮ ಹೆಸರಿನಲ್ಲಿಯೇ ಹೊತ್ತಿದ್ದ ಅ.ನ.ಕೃ. ‘ನಗ್ನಸತ್ಯ’, ‘ಶನಿಸಂತಾನ’, ‘ಸಂಜೆಗತ್ತಲು’ ಕಾದಂಬರಿಗಳಲ್ಲಿ ಮೈ ಮಾರಿಕೊಳ್ಳಬೇಕಾದ ಹೆಣ್ಣಿನ ಬಾಳನ್ನು ಬರೆದು ಅಶ್ಲೀಲತೆಯ ಅಪವಾದ ಹೊತ್ತರು. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಹುಟ್ಟಿ ೨೦೨೫ರಲ್ಲಿ ತೀರಿಕೊಂಡ ಎಸ್.ಎಲ್. ಭೈರಪ್ಪನವರ ‘ವಂಶವೃಕ್ಷ’ದಲ್ಲಿ (೧೯೬೫) ಮರುಮದುವೆಯಾದ ವಿಧವೆ ಕಾತ್ಯಾಯಿನಿಗೆ ಗರ್ಭ ನಿಲ್ಲದೆ ಹೋಗುತ್ತದೆ, ಅದನ್ನು ಅವಳು ತನ್ನ ತಪ್ಪಿಗೆ ಬಂದ ದಂಡವೆಂದು ಭಾವಿಸಿ ಕೊರಗುತ್ತಾಳೆ. ಕಾದಂಬರಿಕಾರರೂ ಹಾಗೆಯೇ ಭಾವಿಸುತ್ತಾರೆಯೆ ಎಂಬ ಜಗಳ ನಮ್ಮ ವಿಮರ್ಶಕರಲ್ಲಿ ಇನ್ನೂ ಮುಗಿದಿಲ್ಲ. ಅದೇನೇ ಇರಲಿ, ತಾನಾಗಿ ಜಾರಿದ ಗರ್ಭಕ್ಕೂ ಹೆಣ್ಣು ತನ್ನನ್ನೇ ಅಪರಾಧಿಯೆಂದುಕೊಳ್ಳುವಷ್ಟು ಆ ನಿಂದೆ ಅವಳ ಒಳಕ್ಕೆ ಇಳಿದಿದೆ ಎಂಬುದನ್ನು ಆ ಪುಟಗಳು ತೋರಿಸುತ್ತವೆ.

ಸಿನಿಮಾ ಹಾಡಿನ ವಿಷಯ ಎಲ್ಲರಿಗೂ ತಿಳಿದದ್ದೇ. ಮಳೆಯಲ್ಲಿ ನೆನೆದ ಪ್ರೇಮಿಗಳಿಗೆ ಹಾಡಿದೆ, ಸೀಮಂತಕ್ಕೆ ಹಾಡಿದೆ, ತೊಟ್ಟಿಲಿಗೆ ಹಾಡಿದೆ. ಮದುವೆಯಾಗದ ನಾಯಕಿ ಓಕರಿಸಿದಳೆಂದರೆ ಮಾತ್ರ ಹಾಡು ನಿಂತು ಮಾತು ಸುರುವಾಗುತ್ತದೆ. ಕನ್ನಡದಲ್ಲಿ ಗರ್ಭಪಾತವನ್ನು ಕಣ್ಣೆತ್ತಿ ನೋಡಿದ ಚಿತ್ರಕ್ಕೆ ಹಾಡುಗಳೇ ಇಲ್ಲದಿರುವುದು ಆಕಸ್ಮಿಕವಲ್ಲವೆಂದು ನನಗೆ ತೋರುತ್ತದೆ. ಅದು ಯು.ಆರ್. ಅನಂತಮೂರ್ತಿಯವರ ಕತೆಯನ್ನು ಗಿರೀಶ ಕಾಸರವಳ್ಳಿ ೧೯೭೭ರಲ್ಲಿ ಚಿತ್ರವಾಗಿಸಿದ ‘ಘಟಶ್ರಾದ್ಧ’. ಬಸುರಾದ ಎಳೆಯ ವಿಧವೆ ಯಮುನಾ. ಬಸಿರಿಗೆ ಕಾರಣನಾದವನು ಜಾರಿಕೊಳ್ಳುತ್ತಾನೆ. ಬಸಿರು ತೆಗೆಸಿದ ಮೇಲೆ ತಂದೆಯೇ ಬದುಕಿರುವ ಮಗಳಿಗೆ ಶ್ರಾದ್ಧ ಮಾಡಿ ಕುಲದಿಂದ ಹೊರಹಾಕುತ್ತಾನೆ. ಇವೆಲ್ಲವನ್ನೂ ನಾಣಿಯೆಂಬ ಹುಡುಗನ ಕಣ್ಣು ನೋಡುತ್ತದೆ. ಆ ವರ್ಷದ ಸ್ವರ್ಣಕಮಲ ಅದಕ್ಕೆ ಬಂದಿತು. ಹೊಸದಾಗಿ ದುರಸ್ತಿಗೊಂಡ ಪ್ರತಿ ೨೦೨೪ರಲ್ಲಿ ವೆನಿಸ್ಸಿನ ಚಿತ್ರೋತ್ಸವದಲ್ಲಿ ತೆರೆ ಕಂಡಿತು. ಅತ್ತೆಯ ಮಾತಿನ ಬೆಳಕಿನಲ್ಲಿ ಅದನ್ನು ಮತ್ತೆ ನೋಡಿದಾಗ ನನಗೆ ಕಂಡದ್ದು ಇದು: ಇಳಿದ ಬಸಿರಿಗೆ ನಮ್ಮ ಸಮಾಜ ಕೊಟ್ಟ ಶಾಸ್ತ್ರ ಇದೊಂದೇ, ಮಡಕೆ ಒಡೆಯುವ ಶಾಸ್ತ್ರ. ಅದಕ್ಕೆ ಜನ ಸೇರಿದರು. ಆದರೆ ‘ಸೋ’ ಎನ್ನುವುದಕ್ಕಲ್ಲ.

ಈಗ ಹಾಸನದ ಸ್ಪರ್ಧೆಯ ಹಾಡಿಗೆ ಮರಳಿ ಬರುತ್ತೇನೆ. ಶತಮಾನಗಳ ಮೌನದ ಬಳಿಕ ಈ ಸಂಗತಿಯನ್ನು ಬಾಯಿಬಿಟ್ಟು ಹೇಳಿದ ಹಾಡು ಅದು. ಅದಕ್ಕೆ ಆ ಮರ್ಯಾದೆ ಸಲ್ಲಬೇಕು. ಅದು ಹುಟ್ಟಿದ್ದಕ್ಕೆ ಕಾರಣವೂ ಸುಳ್ಳಲ್ಲ. ೨೦೨೩ರ ನವೆಂಬರಿನಲ್ಲಿ ಬೆಂಗಳೂರಿನ ಪೊಲೀಸರು ಬಯಲಿಗೆಳೆದ ಜಾಲದ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ. ನಮ್ಮ ನೆರೆಯ ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟು ಹೆಣ್ಣೋ ಗಂಡೋ ನೋಡಿ, ಹೆಣ್ಣಾದರೆ ಬೇರೆಡೆಗೆ ಒಯ್ದು ತೆಗೆಸುತ್ತಿದ್ದರೆಂಬುದು ಆಪಾದನೆ. ಸರ್ಕಾರ ತನಿಖೆಯನ್ನು ಸಿಐಡಿಗೆ ಒಪ್ಪಿಸಿತು. ಬೆಲ್ಲದ ಪಾಕ ಕಾಯುವ ಜಾಗದಲ್ಲಿ ಅಂಥ ಯಂತ್ರ ಇತ್ತೆಂದು ಓದಿದ ದಿನ ನನ್ನ ತರಗತಿಯಲ್ಲಿ ಪಾಠ ಸಾಗಲಿಲ್ಲ.

ಆದರೆ ಆ ಯಂತ್ರವನ್ನು ತಂದಿಟ್ಟವಳು ತಾಯಿಯೆ? ಹಾಡಿನಲ್ಲಿ ಯಂತ್ರವಿಲ್ಲ, ವೈದ್ಯನಿಲ್ಲ, ದಲ್ಲಾಳಿಯಿಲ್ಲ, ಗಂಡನಿಲ್ಲ, ಗಂಡುಮಗುವೇ ಬೇಕೆಂದ ಅತ್ತೆ ಮಾವಂದಿರಿಲ್ಲ. ಕೂಸು ಮತ್ತು ತಾಯಿ, ಇಬ್ಬರೇ. ಕೊಲ್ಲುವವಳು ಒಬ್ಬಳು, ಸಾಯುವುದು ಒಂದು. ಹೊಳೆನರಸೀಪುರದ ಜಗಲಿಯ ಹೆಂಗಸರು “ಅವಳಿಗೆ ತೆಗೆಸಿದರು” ಎಂದು ಮರುಗುತ್ತಿದ್ದ ಸಂದರ್ಭಕ್ಕೆ ಈ ಹಾಡು “ತೆಗೆಸಿಕೊಂಡಳು” ಎಂಬ ನಿಂದೆಯ ಕ್ರಿಯಾಪದವನ್ನು ತಂದು ಹಚ್ಚುತ್ತದೆ.

ಕಾನೂನು ಇದಕ್ಕಿಂತ ಸೂಕ್ಷ್ಮವಾಗಿದೆಯೆಂದರೆ ಸಾಹಿತ್ಯದವರು ನಾಚಬೇಕು. ೧೮೬೦ರ ದಂಡಸಂಹಿತೆ ಬಸಿರಿಳಿಸಿಕೊಂಡ ಹೆಂಗಸನ್ನೂ ಅಪರಾಧಿಯೆಂದೇ ಎಣಿಸಿತ್ತು. ೨೦೨೪ರ ಜುಲೈಯಲ್ಲಿ ಅದರ ಸ್ಥಾನಕ್ಕೆ ಬಂದ ನ್ಯಾಯಸಂಹಿತೆಯಲ್ಲಿಯೂ ಆ ಮಾತು ಉಳಿದಿದೆ, ನ್ಯಾಯವಾದ ಗರ್ಭಪಾತಗಳಿಗೆ ೧೯೭೧ರ ಕಾಯಿದೆ ದಾರಿ ಬಿಟ್ಟಿರುವುದರಿಂದ ಅದರ ಮೊನೆ ಮೊಂಡಾಗಿದೆ. ೧೯೭೨ರ ಏಪ್ರಿಲ್ ಒಂದರಿಂದ ಜಾರಿಗೆ ಬಂದ ಆ ಕಾಯಿದೆಯಂತೆ, ಗೊತ್ತಾದ ಕಾರಣಗಳಿಗೆ, ಗೊತ್ತಾದ ವಾರಗಳೊಳಗೆ, ವೈದ್ಯರ ಮೂಲಕ ಮಾಡಿಸಿಕೊಂಡರೆ ಅಪರಾಧವಿಲ್ಲ. ವಯಸ್ಸಿಗೆ ಬಂದ ಹೆಂಗಸಿಗೆ ತನ್ನ ಒಪ್ಪಿಗೆಯೊಂದೇ ಸಾಕು, ಗಂಡನ ಒಪ್ಪಿಗೆ ಬೇಕಿಲ್ಲ. ೨೦೨೧ರ ತಿದ್ದುಪಡಿ ಕೆಲವರಿಗೆ ಅವಧಿಯನ್ನು ೨೪ ವಾರಗಳಿಗೆ ಏರಿಸಿತು. ಮದುವೆಯಾಗದವಳನ್ನು ಇದರಿಂದ ಹೊರಗಿಡಲಾಗದೆಂದು ಸುಪ್ರೀಂ ಕೋರ್ಟು ೨೦೨೨ರಲ್ಲಿ ಹೇಳಿತು. ಲಿಂಗಪತ್ತೆಯನ್ನು ತಡೆಯುವ ೧೯೯೪ರ ಕಾಯಿದೆಯ ಮಾತು ಬೇರೆ. ಆದರೆ ಅಲ್ಲಿಯೂ, ಬಸುರಿಯನ್ನು ಗಂಡನೋ ನಂಟರೋ ಬಲವಂತಪಡಿಸಿದರೆಂದೇ ನ್ಯಾಯಾಲಯ ಮೊದಲು ಭಾವಿಸಬೇಕು. ಹಾಗಲ್ಲವೆಂದು ಬೇರೆಯವರು ರುಜುವಾತು ಮಾಡಬೇಕು. ಎರಡು ಕಾಯಿದೆಗಳು ಎರಡು ಬೇರೆ ಸಂಗತಿಗಳನ್ನು ಬೇರೆಯಾಗಿ ಇಟ್ಟಿವೆ. ಹಾಡು ಎರಡನ್ನೂ ಕಲಸಿ ಒಂದೇ ಉಂಡೆ ಮಾಡಿ ತಾಯಿಯ ಕೈಗೆ ಕೊಡುತ್ತದೆ. ಆ ಸಭೆಯಲ್ಲಿ ಯಾವ ಹುಡುಗಿ, ಯಾವ ತಾಯಿ ಯಾವ ನೆನಪನ್ನು ಹೊತ್ತು ಕೂತಿದ್ದರೋ ತಿಳಿಯದ ನಾವು ಅವರೆದುರು ಅದನ್ನು ಹಾಡಿಸಿ ಚಪ್ಪಾಳೆ ತಟ್ಟಿದೆವು.

ಅನೌಚಿತ್ಯಕ್ಕಿಂತ ದೊಡ್ಡ ರಸಭಂಗವಿಲ್ಲವೆಂದು ಆನಂದವರ್ಧನನಿಂದ ಕಲಿತು ಪರೀಕ್ಷೆಯಲ್ಲಿ ಬರೆದವರು ನಾವು. ಕಣ್ಣೀರು ಬಂದಿತೆಂದ ಮಾತ್ರಕ್ಕೆ ಕರುಣರಸವಾಗುವುದಿಲ್ಲ. ಕರುಣೆ ಸಲ್ಲಬೇಕಾದವಳ ಕಡೆಗೇ ಬೆರಳು ತೋರಿಸಿ ತಂದ ಕಣ್ಣೀರು ರಸವಲ್ಲ, ರಸಾಭಾಸ. ಇದಕ್ಕೆ ಬೇರೆ ದಾರಿ ಕನ್ನಡಕ್ಕೆ ಗೊತ್ತಿಲ್ಲದ್ದೇನೂ ಅಲ್ಲ. ಬಿ.ಎಂ.ಶ್ರೀ. ೧೯೨೬ರ ‘ಇಂಗ್ಲಿಷ್ ಗೀತಗಳು’ ಸಂಕಲನದಲ್ಲಿ ಥಾಮಸ್ ಹುಡ್ಡನ ಕವನವೊಂದನ್ನು ‘ದುಃಖಸೇತು’ವೆಂದು ಕನ್ನಡಕ್ಕೆ ತಂದರು. ಸೇತುವೆಯಿಂದ ಹಾರಿ ಸತ್ತ ಅನಾಥೆ ಹೆಣ್ಣಿನ ಕವನ ಅದು. ಅವಳು ಮಾಡಿದ್ದೇನೆಂದು ಕವಿ ಕೆದಕುವುದಿಲ್ಲ. ಅವಳನ್ನು ಕುರಿತು ಬೋಧಿಸುವುದಿಲ್ಲ. ಹೆಣವನ್ನು ಎತ್ತುತ್ತಿರುವವರನ್ನು ಕುರಿತು ಮಾತಾಡುತ್ತಾನೆ, ಮೆಲ್ಲಗೆ ಎತ್ತಿರೆನ್ನುತ್ತಾನೆ. ಅವಳಿಗೆ ತನ್ನವರೆಂಬವರು ಇರಲಿಲ್ಲವೆ ಎಂದು ನಗರವನ್ನು ಕೇಳುತ್ತಾನೆ. ನೂರು ವರ್ಷದ ಹಿಂದೆಯೇ ಕನ್ನಡಕ್ಕೆ ಬಂದ ಈ ಪಾಠವನ್ನು ನಾನು ಎಷ್ಟೋ ಸಲ ತರಗತಿಯಲ್ಲಿ ಹೇಳಿದ್ದೇನೆ. ಅಂಕ ಹಾಕುವ ದಿನ ಅದು ನೆನಪಿಗೆ ಬರಲಿಲ್ಲ.

“ನನಗೆ ತೆಗೆಸಿದರು” ಎಂದು, ಅಥವಾ “ನಾನೇ ತೆಗೆಸಿಕೊಂಡೆ” ಎಂದು ಉತ್ತಮಪುರುಷದಲ್ಲಿ ಹೇಳುವ ಕನ್ನಡ ಹಾಡೊಂದನ್ನು ನಾನು ಇನ್ನೂ ಕೇಳಿಲ್ಲ. ವಾಚಕರ ಮನೆಗಳಲ್ಲಿ ಅಜ್ಜಿಯರು, ಅತ್ತೆಯರು ಇದ್ದಾರೆ. ಅವರಲ್ಲಿ ಯಾರಿಗಾದರೂ ಅಂಥದೊಂದು ತ್ರಿಪದಿ ನೆನಪಿದ್ದರೆ, ಮನೆಯ ಹೆಣ್ಣುಮಕ್ಕಳು ಬರೆದುಕೊಳ್ಳಲಿ. ಹೆಸರು ಬೇಡ, ಊರು ಬೇಡ. ಮುಂದಿನ ಸ್ಪರ್ಧೆಗೆ ನನ್ನನ್ನು ಮತ್ತೆ ಕರೆದರೆ, ತೀರ್ಪು ಬರೆಯುವ ಮುನ್ನ ಆ ಗ್ರಂಥಾಲಯದವರನ್ನು ಪಕ್ಕದ ಕುರ್ಚಿಯಲ್ಲಿ ಕೂರಿಸಿರೆಂದು ಕೇಳಬೇಕೆಂದಿದ್ದೇನೆ.